ಕಡಲಾಚೆ ‘ಮಿಸ್ಟರ್ ರುದ್ರಪಟ್ಟಣ’

ಸಂಗೀತ ಕಚೇರಿಗಳ ಆಹ್ವಾನಪತ್ರಿಕೆ ಓದುವ ಅಭ್ಯಾಸವಿರುವವರಿಗೆ ‘ಆರ್’ ಎಂಬ ಅಕ್ಷರ ಚಿರಪರಿಚಿತ. ಪಿಟೀಲಿನ ಆರ್.ಕೆ. ವೆಂಕಟರಾಮಾಶಾಸ್ತ್ರಿ, ಹಾಡುಗಾರಿಕೆಯ ಆರ್.ಕೆ. ಶ್ರೀಕಂಠನ್, ಆರ್.ಕೆ. ಪದ್ಮನಾಭ, ಸಹೋದರರಾದ ಆರ್.ಎನ್. ತ್ಯಾಗರಾಜನ್ ಮತ್ತು ಆರ್.ಎನ್. ತಾರಾನಾಥನ್. ಇವರೆಲ್ಲರ ಹೆಸರಿನ ಹೊಸ್ತಿಲಲ್ಲಿ ನಿಂತಿರುವ ಆ ‘ಆರ್’ ಎಂದರೆ ರುದ್ರಪಟ್ಟಣ. ಹಾಸನ ಜಿಲ್ಲೆ ಅರಕಲಗೂಡು ತಾಲ್ಲೂಕಿನ ಈ ಪುಟ್ಟ ಊರು ಕಾವೇರಿಯ ದಂಡೆಯಲ್ಲಿದೆ. ಇಲ್ಲಿನ ಸಂಕೇತಿ ಮನೆತನಗಳು ತಲೆಮಾರುಗಳಿಂದ ವೇದ ಮತ್ತು ಸಂಗೀತವನ್ನು ಉಳಿಸಿಕೊಂಡು ಬಂದಿವೆ. ಊರಿನಲ್ಲಿ ತಂಬೂರಿಯ ಆಕಾರದಲ್ಲೇ ಕಟ್ಟಿದ ಒಂದು ಮಂದಿರವೂ ಇದೆ.

ಮೊದಲು ಊರು, ಆಮೇಲೆ ತಂದೆ, ಕೊನೆಯಲ್ಲಿ ತಾನು. ನಮ್ಮ ಕಡೆ ಹೆಸರು ಹೇಳಿಕೊಳ್ಳುವ ಕ್ರಮವೇ ಹೀಗೆ. ಊರಿನಲ್ಲಿರುವಷ್ಟು ಕಾಲ ಇದರಿಂದ ಯಾರಿಗೂ ತೊಂದರೆಯಾಗಿಲ್ಲ. ತೊಂದರೆ ಶುರುವಾಗುವುದು ಪಾಸ್‌ಪೋರ್ಟ್ ಅರ್ಜಿಯಲ್ಲಿ. ಅಲ್ಲಿರುವುದು ಎರಡೇ ಅಂಕಣ. ಒಂದು ಕೊಟ್ಟ ಹೆಸರಿಗೆ, ಇನ್ನೊಂದು ಸರ್‌ನೇಮ್‌ಗೆ. ಇನಿಷಿಯಲ್ಲನ್ನು ಬಿಡಿಸಿ ಬರೆಯಬೇಕು ಎಂದಾಗ, ಮನೆತನದ ಹೆಸರೆಂಬುದೇ ಇಲ್ಲದವರು ಸರ್‌ನೇಮ್ ಎಂಬಲ್ಲಿ ಊರನ್ನು ತುಂಬಿಬಿಡುತ್ತಾರೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ರುದ್ರಪಟ್ಟಣದ ಹಿರಿಯ ದಂಪತಿ, ಮಗಳ ಬಾಣಂತನಕ್ಕೆಂದು ಅಮೆರಿಕದ ನ್ಯೂಜೆರ್ಸಿಗೆ ಹೊರಟಿದ್ದಾರೆ. ಇಂಥವರು ಈಗ ಬೀದಿಗೊಬ್ಬರು ಸಿಗುತ್ತಾರೆ. ನಿರ್ದಿಷ್ಟ ಹೆಸರು ಬೇಡ, ಯಜಮಾನರನ್ನು ಶಾಸ್ತ್ರಿಗಳು ಎಂದು ಕರೆಯೋಣ. ವಿಮಾನ ನಿಲ್ದಾಣದ ಧ್ವನಿವರ್ಧಕದಲ್ಲಿ “ಮಿಸ್ಟರ್ ರುದ್ರಪಟ್ಟಣ” ಎಂದು ಕೂಗಿದರೆ ಶಾಸ್ತ್ರಿಗಳು ಏಳುವುದಿಲ್ಲ. “ನಮ್ಮೂರಿನವರು ಇನ್ಯಾರೋ ಬಂದಿದ್ದಾರೆ ನೋಡೇ” ಎಂದು ಸಂತೋಷದಿಂದ ಸುತ್ತ ಕಣ್ಣಾಡಿಸುತ್ತಾರೆ! ಅವರ ಹೆಂಡತಿಯ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಇನ್ನೊಂದು. ಗಂಡ ಒಂದು ಮನೆತನ, ಹೆಂಡತಿ ಇನ್ನೊಂದು, ಮಗಳು ಮೂರನೆಯದು. ಇವರು ಒಂದೇ ಸಂಸಾರದವರು ಎಂದು ವಲಸೆ ಅಧಿಕಾರಿಗೆ ನಂಬಿಕೆ ಬರಬೇಕಾದರೆ ಎರಡು ಮಾತು ಹೆಚ್ಚು ಆಡಬೇಕಾಗುತ್ತದೆ.

ಒಂದು ಅಂಕಣವನ್ನು ಖಾಲಿ ಬಿಟ್ಟವರ ಪಾಡು ಇನ್ನೂ ವಿಚಿತ್ರ. ಅಮೆರಿಕದ ವೀಸಾದಲ್ಲಿ ಅಂಥವರ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ. ‘ಮೊದಲ ಹೆಸರು ತಿಳಿದಿಲ್ಲ’ ಎಂದು ಅದರ ಅರ್ಥ. ಎಪ್ಪತ್ತು ವರ್ಷ ಬಾಳಿದ ಮನುಷ್ಯನಿಗೆ ಹೆಸರು ತಿಳಿದಿಲ್ಲ! ಇದು ನಗುವ ಮಾತಷ್ಟೇ ಅಲ್ಲ. 2022ರ ನವೆಂಬರ್‌ನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್, ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರಿರುವವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶವಿಲ್ಲ ಎಂದು ಪ್ರಕಟಿಸಿತು. ಪಾಸ್‌ಪೋರ್ಟ್‌ನ ಎರಡನೆಯ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಸಾಕು ಎಂದು ಬಳಿಕ ಸಡಿಲಿಸಿತು. ಪಾಸ್‌ಪೋರ್ಟ್‌ನಲ್ಲಿ ಹೆಸರು ಹೇಗಿದೆಯೋ ಟಿಕೆಟ್ಟಿನಲ್ಲೂ ಅಕ್ಷರಶಃ ಹಾಗೆಯೇ ಇದೆಯೇ ಎಂದು ಮನೆಯಲ್ಲೇ ತಾಳೆ ನೋಡಿಕೊಂಡರೆ ಅರ್ಧ ಪೇಚಾಟ ತಪ್ಪುತ್ತದೆ.

ಇಳಿವಯಸ್ಸಿನಲ್ಲಿ ಕಡಲು ದಾಟುವುದು ಈ ಜಿಲ್ಲೆಗೆ ಹೊಸತೇನಲ್ಲ. ಹೇಮಾವತಿ ತೀರದ ಗೊರೂರಿನ ರಾಮಸ್ವಾಮಿ ಅಯ್ಯಂಗಾರ್ಯರು ಎಪ್ಪತ್ತು ದಾಟಿದ ಮೇಲೆ ಹೋಗಿ ಬಂದು ಬರೆದ ‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಆ ಪುಸ್ತಕದ ಹೆಸರಿನಲ್ಲೂ ಊರೇ ವ್ಯಕ್ತಿಯಾಗಿದೆ ಎಂಬುದನ್ನು ಗಮನಿಸಬೇಕು.

ಇನ್ನು ಪೆಟ್ಟಿಗೆಯ ವಿಷಯ. ಬಾಣಂತಿಗೆಂದು ಹೊರಟವರ ಪೆಟ್ಟಿಗೆಯಲ್ಲಿ ಏನಿರುವುದಿಲ್ಲ? ಸಾರಿನ ಪುಡಿ, ಹುಳಿಪುಡಿ, ಉಪ್ಪಿನಕಾಯಿ, ಒಂದು ಹಿಡಿ ಕರಿಬೇವು, ಪಾಯಸಕ್ಕೆ ಗಸಗಸೆ. ಈ ಪಟ್ಟಿಯಲ್ಲಿ ನಿಜವಾಗಿ ಹೆದರಬೇಕಾದದ್ದು ಗಸಗಸೆಗೆ. ಅಫೀಮು ಬರುವ ಗಿಡದ್ದೇ ಬೀಜ ಅದು. ಬೀಜದ ಒಳಗೆ ಅಮಲಿನ ಅಂಶ ಇಲ್ಲವೆಂದೇ ಹೇಳಬೇಕು. ಆದರೆ ಕಾಯಿಯ ಹಾಲು ಸೋಕಿದಾಗ ಅದರ ಲೇಶ ಬೀಜದ ಮೈಗೆ ಅಂಟುತ್ತದೆ. ನಮ್ಮ ದಿನಸಿ ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಕೊಡುವ ಈ ಗಸಗಸೆ ದುಬೈ, ಅಬುಧಾಬಿಗಳಲ್ಲಿ ನಿಷಿದ್ಧ ವಸ್ತು, ಸಿಂಗಪುರದಲ್ಲೂ ಹಾಗೆಯೇ. ಅಲ್ಲಿ ಇದನ್ನು ಮಾದಕ ವಸ್ತುವಿನ ಪ್ರಕರಣವಾಗಿ ನೋಡುತ್ತಾರೆ. “ನಾವು ಹೋಗುತ್ತಿರುವುದು ಅಮೆರಿಕಕ್ಕೆ, ದುಬೈಗೆ ಅಲ್ಲವಲ್ಲ” ಎನ್ನಬಹುದು. ಬೆಂಗಳೂರಿನಿಂದ ಹೊರಟ ಎಷ್ಟೋ ಮಂದಿ ವಿಮಾನ ಬದಲಿಸುವುದು ಅಲ್ಲೇ. ಮುಂದಿನ ವಿಮಾನ ತಪ್ಪಿ, ಪೆಟ್ಟಿಗೆ ಬಿಡಿಸಿಕೊಂಡು ರಾತ್ರಿ ತಂಗಲು ಹೊರಬರಬೇಕಾಯಿತೆನ್ನಿ. ನೂರು ಗ್ರಾಂ ಗಸಗಸೆ ಪಾಯಸದಲ್ಲಿ ಮುಗಿಯುವುದಿಲ್ಲ.

ಕರಿಬೇವಿನ ಕಥೆ ಇಷ್ಟು ಭಯಂಕರವಲ್ಲವಾದರೂ ಕುತೂಹಲದ್ದು. ಹಸಿ ಕರಿಬೇವನ್ನು ಅಮೆರಿಕ ಒಳಗೆ ಬಿಡುವುದಿಲ್ಲ. ಕರಿಬೇವು ಕಿತ್ತಳೆ, ನಿಂಬೆಗಳ ಬಳಗದ ಗಿಡ. ಅದರ ಎಲೆಯ ಮೇಲೆ ಬದುಕುವ ಒಂದು ಸಣ್ಣ ಜಿಗಿಹುಳು ಕಿತ್ತಳೆ ಮರಕ್ಕೆ ರೋಗ ಹರಡುತ್ತದೆ. 2005ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡ ಆ ರೋಗ ಅಲ್ಲಿನ ಕಿತ್ತಳೆ ತೋಟಗಳನ್ನು ಹಾಳುಗೆಡವಿತು. ಆದ್ದರಿಂದ ಅಜ್ಜಿಯ ಒಗ್ಗರಣೆ ಸೊಪ್ಪನ್ನು ಅಧಿಕಾರಿ ಕಸದ ಡಬ್ಬಿಗೆ ಹಾಕಿದರೆ ಅವನನ್ನು ಶಪಿಸಬೇಕಾಗಿಲ್ಲ. ತಿಂಡಿ ತೀರ್ಥ ಇದೆ ಎಂದು ಮೊದಲೇ ಹೇಳಿದರೆ ಬೇಡದ್ದನ್ನು ತೆಗೆದುಕೊಂಡು ಕಳುಹಿಸುತ್ತಾರೆ. ಇಲ್ಲವೆಂದು ಹೇಳಿ ಸಿಕ್ಕಿಬಿದ್ದರೆ ಮಾತ್ರ ದಂಡ.

ವಿಮಾನದೊಳಗೆ ಚಕ್ಕುಲಿಯ ಪೊಟ್ಟಣ ಚೆಂಡಿನಂತೆ ಊದಿಕೊಳ್ಳುತ್ತದೆ, ಶಾಯಿ ಪೆನ್ನು ಜೇಬಿನಲ್ಲಿ ಸೋರುತ್ತದೆ. ಹಾರುವಾಗ ಒಳಗಿನ ಗಾಳಿಯ ಒತ್ತಡ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇಳಿದಿರುತ್ತದೆ. ನಮ್ಮ ಮುಳ್ಳಯ್ಯನಗಿರಿಯ ಎತ್ತರವೇ ಸುಮಾರು 1,930 ಮೀಟರ್. ಊರಿನಲ್ಲಿ ಬಾಯಿ ಕಟ್ಟಿದ ಪೊಟ್ಟಣ ಊದದೆ ಇನ್ನೇನು ಮಾಡೀತು?

ಎಲ್ಲಕ್ಕಿಂತ ದೊಡ್ಡ ಗೊಂದಲ ಕಾದಿರುವುದು ಗಡಿಯಾರದಲ್ಲಿ. ಮೈಗೆ ಹಗಲು ರಾತ್ರಿ ತಿರುಗುಮುರುಗಾಗಿ, ನಡುರಾತ್ರಿ ಎರಡಕ್ಕೆ ಹಸಿವಾಗುವುದು ಎಲ್ಲರೂ ಹೇಳುವ ಸಂಗತಿ. ಒಳಗಿನ ಗಡಿಯಾರ ಸರಿಹೋಗಲು ಗಂಟೆಗೊಂದರಂತೆ ದಿನಗಳು ಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುವವರು ಯಾವ ಊರಿನ ಗಂಟೆ ನೋಡಬೇಕು ಎಂದು ಹೊರಡುವ ಮುನ್ನವೇ ವೈದ್ಯರನ್ನು ಕೇಳಿ ಬರೆಸಿಕೊಂಡಿರಬೇಕು. ಆದರೆ ಶಾಸ್ತ್ರಿಗಳಂಥವರಿಗೆ ಮೈಯ ಗಡಿಯಾರಕ್ಕಿಂತ ಪಂಚಾಂಗದ ಚಿಂತೆ ಹೆಚ್ಚು. ಒಂಟಿಕೊಪ್ಪಲ್ ಪಂಚಾಂಗವನ್ನು ಅವರು ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟುಕೊಂಡಿರುತ್ತಾರೆ. ತಂದೆಯ ಶ್ರಾದ್ಧ ತಪ್ಪಬಾರದು, ಏಕಾದಶಿ ಕೆಡಬಾರದು.

ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿಯಲು ಹಿಡಿಯುವ ಕಾಲವೇ ಒಂದು ತಿಥಿ. ಇದು ಸುಮಾರು 19ರಿಂದ 26 ಗಂಟೆಯವರೆಗೆ ಹೆಚ್ಚು ಕಡಿಮೆಯಾಗುತ್ತದೆ. ತಿಥಿ ಮುಗಿಯುವ ಕ್ಷಣ ಇಡೀ ಭೂಮಿಗೆ ಒಂದೇ. ರುದ್ರಪಟ್ಟಣಕ್ಕೊಂದು ನ್ಯೂಜೆರ್ಸಿಗೊಂದು ಚಂದ್ರ ಇಲ್ಲವಲ್ಲ! ಆದರೆ ಆ ತಿಥಿ ಯಾವ ವಾರಕ್ಕೆ ಸೇರಿತು ಎಂಬುದನ್ನು ತೀರ್ಮಾನಿಸುವುದು ಆಯಾ ಊರಿನ ಸೂರ್ಯ. ಏಕಾದಶಿಗೆ ಸೂರ್ಯೋದಯ ನೋಡುತ್ತಾರೆ, ಶ್ರಾದ್ಧಕ್ಕೆ ಅಪರಾಹ್ಣ.

ಏಕಾದಶಿ ನಮ್ಮಲ್ಲಿ ಸೋಮವಾರ ಬೆಳಿಗ್ಗೆ 8ಕ್ಕೆ ಹುಟ್ಟಿ ಮಂಗಳವಾರ ಬೆಳಿಗ್ಗೆ 7ಕ್ಕೆ ಮುಗಿಯುತ್ತದೆ ಎಂದಿಟ್ಟುಕೊಳ್ಳಿ. ಮಂಗಳವಾರದ ಸೂರ್ಯೋದಯಕ್ಕೆ ಏಕಾದಶಿ ಇದೆ. ಊರಿನಲ್ಲಿ ಮಂಗಳವಾರ ಉಪವಾಸ. ಬೇಸಿಗೆಯಲ್ಲಿ ನ್ಯೂಜೆರ್ಸಿ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಅಲ್ಲಿನ ಲೆಕ್ಕಕ್ಕೆ ಅದೇ ಏಕಾದಶಿ ಭಾನುವಾರ ರಾತ್ರಿ ಹತ್ತೂವರೆಗೆ ಹುಟ್ಟಿ ಸೋಮವಾರ ರಾತ್ರಿ ಒಂಬತ್ತೂವರೆಗೆ ಮುಗಿದೇ ಹೋಯಿತು. ಪಂಚಾಂಗದಲ್ಲಿ ಮಂಗಳವಾರ ಎಂದು ಅಚ್ಚಾಗಿದೆ ಎಂದು ನಂಬಿದ ಶಾಸ್ತ್ರಿಗಳು ಸೋಮವಾರ ಹೊಟ್ಟೆ ತುಂಬ ಸಾರನ್ನ ಉಂಡು, ರಾತ್ರಿ ಒಂಬತ್ತಕ್ಕೆ ಊರಿಗೆ ಫೋನು ಮಾಡುತ್ತಾರೆ.

“ಏನು ಅಡುಗೆ ಇವತ್ತು?”

“ಅಡುಗೆ ಎಂಥದ್ದಣ್ಣ, ಇವತ್ತು ಏಕಾದಶಿಯಲ್ಲವೇ? ಈಗ ತಾನೇ ಸ್ನಾನ ಮುಗಿಯಿತು” ಎನ್ನುತ್ತಾನೆ ತಮ್ಮ.

ಮರುದಿನ ಶಾಸ್ತ್ರಿಗಳು ಶ್ರದ್ಧೆಯಿಂದ ಉಪವಾಸವಿದ್ದರೂ ಅಲ್ಲಿ ಆಗ ದ್ವಾದಶಿ. ಪಾರಣೆಯ ದಿನ ಉಪವಾಸ, ಉಪವಾಸದ ದಿನ ಊಟ. ತಪ್ಪು ಪಂಚಾಂಗದ್ದೂ ಅಲ್ಲ, ಶಾಸ್ತ್ರಿಗಳದ್ದೂ ಅಲ್ಲ. ಪಂಚಾಂಗವನ್ನು ಗುಣಿಸಿದ್ದು ಇಲ್ಲಿನ ಸೂರ್ಯನಿಗೆ. ಅಮೆರಿಕದ ದೇವಸ್ಥಾನಗಳು ತಂತಮ್ಮ ಊರಿಗೆ ಗುಣಿಸಿದ ಪಂಚಾಂಗವನ್ನೇ ಅಚ್ಚು ಹಾಕಿಸುವುದು ಈ ಕಾರಣಕ್ಕೆ. ಅದರಲ್ಲೂ ಒಂದು ತೊಡಕಿದೆ. ಮಾರ್ಚ್ ತಿಂಗಳ ಎರಡನೆಯ ಭಾನುವಾರ ಆ ದೇಶದ ಬಹುಭಾಗದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ಚಳಿಗಾಲದಲ್ಲಿ ಅಂತರ ಹತ್ತೂವರೆ ಗಂಟೆಯಾಗುತ್ತದೆ.

ವಾರ ತಪ್ಪಿದ ಪ್ರಯಾಣಿಕರಲ್ಲಿ ಶಾಸ್ತ್ರಿಗಳು ಮೊದಲಿಗರಲ್ಲ ಎಂಬುದು ಸಮಾಧಾನದ ಸಂಗತಿ. ಮೊದಲ ಬಾರಿಗೆ ಭೂಮಿಯನ್ನು ಸುತ್ತಿದ ಮೆಗಲನ್ನನ ತಂಡದಲ್ಲಿ ಉಳಿದವರು 1522ರ ಜುಲೈನಲ್ಲಿ ಕೇಪ್ ವರ್ಡ್ ದ್ವೀಪ ತಲುಪಿದಾಗ ಅವರ ಲೆಕ್ಕಕ್ಕೆ ಬುಧವಾರ. ದಡದಲ್ಲಿದ್ದವರು ಗುರುವಾರ ಎಂದರು. ದಿನಚರಿಯನ್ನು ತಪ್ಪದೆ ಬರೆದಿಟ್ಟಿದ್ದ ಪಿಗಫೆಟ್ಟ ಬೆಪ್ಪಾದ. ಪಶ್ಚಿಮಕ್ಕೇ ಸಾಗಿ ಸೂರ್ಯನ ಹಿಂದೆ ಒಂದು ಸುತ್ತು ಹಾಕಿದ್ದರಿಂದ ಅವರಿಗೆ ಒಂದು ಸೂರ್ಯೋದಯ ಕಡಿಮೆಯಾಗಿತ್ತು.

ಶಾಸ್ತ್ರಿಗಳ ಪೆಟ್ಟಿಗೆಯ ತಳದಲ್ಲಿ ಇನ್ನೆರಡು ವಸ್ತುಗಳಿವೆ: ಮಿಕ್ಸಿ ಮತ್ತು ಎಲೆಕ್ಟ್ರಾನಿಕ್ ತಂಬೂರಿ. ನಮ್ಮ ಮನೆಗೆ ಬರುವ ವಿದ್ಯುತ್ತು 230 ವೋಲ್ಟ್, ಅಮೆರಿಕದ್ದು 120. ಅಲ್ಲಿನ ಗೋಡೆಯ ತೂತಿಗೆ ನಮ್ಮ ಪ್ಲಗ್ಗು ಹಿಡಿಸುವುದಿಲ್ಲವೆಂದು ವಿಮಾನ ನಿಲ್ದಾಣದಲ್ಲಿ ಒಂದು ಅಡಾಪ್ಟರ್ ಕೊಳ್ಳುತ್ತಾರೆ. ಪ್ಲಗ್ಗಿನ ಆಕಾರವನ್ನಷ್ಟೇ ಅದು ಬದಲಿಸುತ್ತದೆ, ವೋಲ್ಟನ್ನು ಅಲ್ಲ. ಹೀಗಾಗಿ ಮಿಕ್ಸಿ ನರಳುತ್ತದೆ, ತೆಂಗಿನಕಾಯಿ ಹಾಗೇ ಕುಳಿತಿರುತ್ತದೆ. ನೀರು ಕಾಯಿಸುವ ಕಾಯಿಲ್ ಆದರೆ ಶಾಖ ಅರ್ಧಕ್ಕೂ ಅಲ್ಲ, ಕಾಲು ಭಾಗದ ಹತ್ತಿರಕ್ಕೆ ಇಳಿಯುತ್ತದೆ. ಶಕ್ತಿ ವೋಲ್ಟಿನ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆಂದು ಹೈಸ್ಕೂಲಿನಲ್ಲಿ ಓದಿದ್ದು ಅಡುಗೆಮನೆಯಲ್ಲಿ ಎದುರಾಗುತ್ತದೆ. ಅಲ್ಲಿಂದ ಇಲ್ಲಿಗೆ ತಂದ ಉಪಕರಣ ಇನ್ನೂ ಬೇಗ ಪಾಠ ಕಲಿಸುತ್ತದೆ: ಸುಟ್ಟ ವಾಸನೆ ಬರುತ್ತದೆ. ‘100–240’ ಎಂದು ಮೈಮೇಲೆ ಬರೆದಿದ್ದರೆ ಮಾತ್ರ ಎರಡೂ ಕಡೆ ಸಲ್ಲುತ್ತದೆ.

ಜಿ. ರಾಜ್ ನಾರಾಯಣ್ ಅವರು 1970ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿ ಹೊರದೇಶಕ್ಕೆ ಹೋಗುವ ಸಂಗೀತಗಾರರಿಗೆ ವರವಾಯಿತು. ಮರದ ತಂಬೂರಿಯನ್ನು ಚಳಿಗಾಲದ ಅಮೆರಿಕಕ್ಕೆ ಒಯ್ಯುವುದು ಬಾಣಂತಿಯನ್ನು ಮಳೆಗೆ ನಿಲ್ಲಿಸಿದಂತೆ. ಸೊನ್ನೆ ಡಿಗ್ರಿಯ ಹೊರಗಿನ ಗಾಳಿ ಒಂದು ಘನ ಮೀಟರಿಗೆ ಐದು ಗ್ರಾಂನಷ್ಟೂ ನೀರಾವಿಯನ್ನು ಹಿಡಿಯಲಾರದು. ಅದನ್ನೇ ಮನೆಯೊಳಗೆ 20 ಡಿಗ್ರಿಗೆ ಕಾಯಿಸಿದಾಗ, 17 ಗ್ರಾಂ ಹಿಡಿಯಬಲ್ಲ ಗಾಳಿ ಐದೇ ಗ್ರಾಂ ಹೊತ್ತು ಬಾಯಾರಿ ನಿಂತಿರುತ್ತದೆ. ಅದು ಎಲ್ಲಿಂದ ಹೀರುತ್ತದೆ? ತುಟಿಯಿಂದ, ಗಂಟಲಿನಿಂದ, ಹಲಸಿನ ಮರದಿಂದ. ಅಂಟು ಬಿಡುತ್ತದೆ, ಮೃದಂಗದ ಚರ್ಮ ಬಿಗಿದು ಶ್ರುತಿ ಏರುತ್ತದೆ. ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಟ್ಟರೆ ಸ್ವಲ್ಪ ಉಪಶಮನ.

ಆ ಒಣಗಾಳಿಗೆ ಶಾಸ್ತ್ರಿಗಳಿಗೆ ಗಂಟಲು ಕೆರೆದು, ನೆಗಡಿ ಜ್ವರ ಬಂತೆನ್ನಿ. ಊರಿನಿಂದ ತಂದ ಪ್ಯಾರಾಸಿಟಮಾಲ್ 650ರ ಮಾತ್ರೆ ಹೊತ್ತಿಗೊಂದರಂತೆ ನುಂಗುತ್ತಿದ್ದಾರೆ. ಅಳಿಯ ಔಷಧದಂಗಡಿಯಿಂದ ನೆಗಡಿಯ ಸಿರಪ್ ತರುತ್ತಾನೆ. “ಮಾವ, ಇದನ್ನೂ ತಗೊಳ್ಳಿ, ರಾತ್ರಿ ನಿದ್ದೆ ಬರುತ್ತೆ.” ಸಿರಪ್ಪಿನ ಸೀಸೆಯ ಮೇಲೆ ಪ್ಯಾರಾಸಿಟಮಾಲ್ ಎಂಬ ಹೆಸರು ಎಲ್ಲೂ ಇಲ್ಲ. ಇರುವುದು ‘ಅಸಿಟಮಿನೋಫೆನ್’. ಎರಡೂ ಒಂದೇ ವಸ್ತು. ಅಮೆರಿಕದಲ್ಲಿ ಕರೆಯುವ ಹೆಸರು ಬೇರೆ, ಅಷ್ಟೆ. ಅಲ್ಲಿ ಚೀಟಿಯಿಲ್ಲದೆ ಸಿಗುವ ಎಷ್ಟೋ ನೆಗಡಿ ಔಷಧಗಳಲ್ಲಿ ಇದು ಬೆರೆತಿರುತ್ತದೆ. ದಿನಕ್ಕೆ ನಾಲ್ಕು ಗ್ರಾಂ ಎಂಬುದು ಆರೋಗ್ಯವಂತ ವಯಸ್ಕರ ಗರಿಷ್ಠ ಮಿತಿ. ಎರಡು ಹೆಸರಿನಲ್ಲಿ ಒಂದೇ ಔಷಧವನ್ನು ನುಂಗುತ್ತಾ ಹೋದರೆ ಅದನ್ನು ದಾಟಿದ್ದು ಗೊತ್ತಾಗುವುದಿಲ್ಲ. ಪೆಟ್ಟು ಬೀಳುವುದು ಯಕೃತ್ತಿಗೆ, ಅದೂ ಒಂದೆರಡು ದಿನ ಯಾವ ಸೂಚನೆಯೂ ಇಲ್ಲದೆ. ಆಸ್ತಮಾದವರು ಸೇದುವ ಸಾಲ್ಬುಟಮಾಲ್‌ಗೂ ಅಲ್ಲಿ ‘ಆಲ್ಬುಟೆರಾಲ್’ ಎಂಬ ಬೇರೆ ಹೆಸರೇ ಇದೆ.

ಹೊರಡುವ ಮುನ್ನ ವೈದ್ಯರಿಂದ ಮಾತ್ರೆಗಳ ಪಟ್ಟಿ ಬರೆಸಿಕೊಳ್ಳುವಾಗ ಅಂಗಡಿಯ ಹೆಸರಿನ ಪಕ್ಕದಲ್ಲಿ ಒಳಗಿನ ಔಷಧದ ಹೆಸರು, ಅದರ ಪಕ್ಕದಲ್ಲಿ ಹೋಗುವ ದೇಶದ ಹೆಸರು, ಹೀಗೆ ಮೂರು ಸಾಲು ಬರೆಸಿಕೊಳ್ಳಬೇಕು. ಆ ಚೀಟಿಯ ತುದಿಯಲ್ಲಿ ರೋಗಿಯ ಹೆಸರನ್ನು ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಬರೆಯಲು ಹೇಳಿ. ಅಲ್ಲಿ ಔಷಧದಂಗಡಿಯವನು ಕೂಗುವುದೂ “ಮಿಸ್ಟರ್ ರುದ್ರಪಟ್ಟಣ” ಎಂದೇ.