ನಾಲ್ಕು ಲಿನಕ್ಸ್ ಸುತ್ತಿ ಬಂದ ಗೋಪನಕೊಪ್ಪದ ಗಣಕ!

ಗೋಪನಕೊಪ್ಪದ ಬಸ್ಸಿಳಿದು ಆ ಝೆರಾಕ್ಸ್ ಅಂಗಡಿ ಹೊಕ್ಕ ಗಿರಾಕಿಗೆ ಕೆಲ ತಿಂಗಳಿಂದ ಒಂದೇ ಸೋಜಿಗ. ಬಂದಾಗೊಮ್ಮೆ ಗಣಕದ ಪರದೆಯ ಚಹರೆಯೇ ಬೇರೆ!

"ಮತ್ತ ಬದಲಿ ಮಾಡಿದ್ರೇನ್ರಿ ಅಣ್ಣಾರ?"

"ಹೌದ್ರಿ, ಮೊದಲಿಂದು ಒಗ್ಗಲಿಲ್ಲ."

ಲಗ್ನಪತ್ರಿಕೆ, ಅರ್ಜಿ, ಕೊಟೇಶನ್ ಟೈಪು ಮಾಡಿಕೊಡುವ ಈ ಅಂಗಡಿಕಾರರಿಗೆ ಲಿನಕ್ಸ್ ಒಂದು ಹವ್ಯಾಸ. ಹಗಲು ಗಿರಾಕಿ, ರಾತ್ರಿ ಷಟರ್ ಅರ್ಧ ಎಳೆದು ಲಿನಕ್ಸ್.

ವಿಂಡೋಸ್‌ನಂತೆ ಇದೂ ಗಣಕವನ್ನು ನಡೆಸುವ ಮೂಲ ತಂತ್ರಾಂಶ. ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ್ದು. ತಿರುಳು ಒಂದೇ ಆದರೂ ಬೇರೆ ಬೇರೆ ತಂಡಗಳು ಅದಕ್ಕೆ ತಮ್ಮ ತಮ್ಮ ಸಾಧನ ಜೋಡಿಸಿ, ತಮ್ಮ ಹೆಸರಿಟ್ಟು ಹಂಚುತ್ತವೆ. ಜೋಳದ ಹಿಟ್ಟು ಒಂದೇ. ರೊಟ್ಟಿ ಖಡಕ್ಕೋ ಮೆತ್ತಗೋ ಬಡಿಯುವವರ ಕೈಯಲ್ಲಿದೆ.

ಇವರಿಗೆ ಈ ಗೀಳು ಹತ್ತಿದ್ದು ಅಂಚೆಯಿಂದ. 2004ರಲ್ಲಿ ಹೊರಬಂದ ಉಬುಂಟುವಿನವರು ಕೇಳಿದವರಿಗೆಲ್ಲ ಸಿ.ಡಿ.ಯನ್ನು ಪುಕ್ಕಟೆ ಕಳಿಸುತ್ತಿದ್ದರು. 2011ರಲ್ಲಿ ಆ ಪದ್ಧತಿ ನಿಂತಿತು, ಗೀಳು ಮಾತ್ರ ನಿಲ್ಲಲಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿದಾಗ ಹವ್ಯಾಸವೇ ಗರಜಾಯಿತು. ವಿಂಡೋಸ್ 11ಕ್ಕೆ ಬೇಕಾದ ಭದ್ರತೆಯ ಚಿಪ್ಪು ಅಂಗಡಿಯ ಹಳೆಯ ಯಂತ್ರದಲ್ಲಿಲ್ಲ. ಹೊಸದಕ್ಕೆ ರೊಕ್ಕ ಎಲ್ಲಿಂದ?

ಸರಿ, ಸುತ್ತು ಶುರುವಾಯಿತು. ಉಬುಂಟು ಹಳೆಯ ಯಂತ್ರಕ್ಕೆ ಭಾರವಾಯಿತು. ಫೆಡೋರಾದಲ್ಲಿ ಆರಾರು ತಿಂಗಳಿಗೆ ಹೊಸ ಆವೃತ್ತಿ. ಹಳೆಯದಕ್ಕೆ ಸುಮಾರು 13 ತಿಂಗಳ ಆಯುಷ್ಯ. ಅಂಗಡಿ ನಡೆಸುವವನಿಗೆ ಇದು ಒಲ್ಲದ ಉಸಾಬರಿ. 1993ರಲ್ಲಿ ಹುಟ್ಟಿದ ಡೆಬಿಯನ್ ಗಟ್ಟಿ ಕುಳ, ಆದರೆ ಹೊಸ ಸಾಧನಗಳು ತಡವಾಗಿ ಬರುತ್ತವೆ. ಕೊನೆಗೆ ಮಿಂಟ್‌ನ ಹಗುರ ಬಗೆಯಲ್ಲಿ ಗಣಕ ನೆಲೆ ನಿಂತಿತು. ನಡುವೆ ಒಂದು ರಾತ್ರಿ ಡಿಸ್ಕ್ ಭಾಗ ಮಾಡಹೋಗಿ ಇದ್ದದ್ದೆಲ್ಲ ಅಳಿಸಿಹೋಯಿತು. ಪೆನ್‌ಡ್ರೈವಿನಲ್ಲಿ ಪ್ರತಿ ಇದ್ದದ್ದಕ್ಕೆ ಮರ್ಯಾದೆ ಉಳಿಯಿತು!

ಆದರೆ ನಿಜವಾದ ಪೇಚು ಮುಂದೆ ಕಾದಿತ್ತು. ಹಳೆಯ ಗಿರಾಕಿಯೊಬ್ಬರು ಬಂದು, "ಅಣ್ಣಾರ, ಹಿರೇಮಗಳ ಲಗ್ನದ ಕಾರ್ಡ್ ಮಾಡಿದ್ರೆಲ್ಲ, ಹಂಗಽ ಈಕಿದೂ ಮಾಡ್ರಿ" ಎಂದರು. ಕಡತ ತೆರೆದರೆ ಕನ್ನಡವೇ ಇಲ್ಲ! ಇಂಗ್ಲಿಷ್ ಅಕ್ಷರ, ಕೊಂಬು, ಚುಕ್ಕೆಗಳ ಸಂತೆ. ನಾಲ್ಕೂ ಲಿನಕ್ಸಿನಲ್ಲಿ ಅದೇ ಹಾಡು.

ಕಾರಣ ಇಷ್ಟೇ. ಕನ್ನಡ ಗಣಕ ಪರಿಷತ್ತಿನ 'ನುಡಿ'ಯ ಹಳೆಯ ಆವೃತ್ತಿಗಳಲ್ಲಿ ಕನ್ನಡದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಲಾಗಿತ್ತು. ಆ ಅಚ್ಚಿನ ಫಾಂಟ್ ಇದ್ದರೆ ಕನ್ನಡ, ಇಲ್ಲವಾದರೆ ಗೊಂದಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ವಂತ ಜಾಗ 1991ರಲ್ಲೇ ಸಿಕ್ಕಿದೆ. ನುಡಿಯೂ ಆಮೇಲೆ ಯೂನಿಕೋಡಿಗೆ ಬಂದಿದೆ. ಅಂಗಡಿಯ ಸಾವಿರಾರು ಕಡತಗಳು ಮಾತ್ರ ಹಳೆಯ ಮನೆಯಲ್ಲೇ ಇವೆ. ಊರಿನ ಲಗ್ನ, ಮುಂಜಿವೆ, ಗೃಹಪ್ರವೇಶಗಳೆಲ್ಲ ಅದರೊಳಗೇ!

ಹಳೆಯ ಫಾಂಟನ್ನು ಲಿನಕ್ಸಿಗೆ ನಕಲಿಸಿದರೆ ಪರದೆಯ ಮೇಲೆ ಓದಬಹುದು, ಮುದ್ರಿಸಬಹುದು. ಆದರೆ ಒಂದು ಹೆಸರು ಹುಡುಕಬೇಕೆಂದರೆ, ವಾಟ್ಸ್‌ಆಪ್‌ನಲ್ಲಿ ಕಳಿಸಬೇಕೆಂದರೆ ಮತ್ತೆ ಗೊಂದಲವೇ. ಅದಕ್ಕೆ ಯೂನಿಕೋಡಿಗೆ ಪರಿವರ್ತನೆ ಒಂದೇ ದಾರಿ. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಅರ್ಕಾವತ್ತು, ಒತ್ತಕ್ಷರ ಬಂದಲ್ಲಿ ಕಣ್ಣಿಟ್ಟು ನೋಡಬೇಕು, ಇಲ್ಲದಿದ್ದರೆ ವರನ ಹೆಸರೇ ಬದಲಾದೀತು!

ಸಮಾಧಾನದ ಸಂಗತಿಯೂ ಉಂಟು. ಕೆ.ಪಿ. ರಾವ್ ರೂಪಿಸಿದ, ನುಡಿಯಿಂದ ಕೈಗೆ ಕುಳಿತ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲೂ ಇದೆ. ಬೆರಳಿಗೆ ಹೊಸ ಪಾಠ ಬೇಕಿಲ್ಲ. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳೂ ಪುಕ್ಕಟೆ.

ಈಗ ದಿನಕ್ಕೆ ಹತ್ತು ಹದಿನೈದು ಕಡತಗಳ ಪರಿವರ್ತನೆ ನಡೆದಿದೆ. ಆ ಲಗ್ನಪತ್ರಿಕೆ ಸರಿಯಾಗಿ ಅಚ್ಚಾಗಿ ಹೋಯಿತು.

"ಐದನೇದು ಯಾವಾಗ್ರಿ?" ಎಂದು ಪಕ್ಕದ ಕಿರಾಣಿಯವರು ಕಾಲೆಳೆದರೆ, "ಈ ಕಾರ್ಡೆಲ್ಲ ಮುಗೀಲಿ ತಡೀರಿ" ಎನ್ನುತ್ತ ಅಂಗಡಿಕಾರರು ಮತ್ತೊಂದು ಕಡತ ತೆರೆಯುತ್ತಾರೆ.