ನಿಮಗಿದು ಗೊತ್ತೆ? ಕಥಾಲೋಕದಿಂದ ಬಂದ ರಾಕ್ ಹಾಡುಗಳು

* ಎಳವೆಯಲ್ಲಿ ಓದಿದ ಅದ್ಭುತ ಕಥೆಗಳೇ ಹಲವು ಪ್ರಸಿದ್ಧ ರಾಕ್ ಹಾಡುಗಳಿಗೆ ಪ್ರೇರಣೆ. ಅಮೆರಿಕದ ಜೆಫರ್ಸನ್ ಏರ್‌ಪ್ಲೇನ್ ತಂಡದ ‘ವೈಟ್ ರ‍್ಯಾಬಿಟ್’ (1967) ಇದಕ್ಕೊಂದು ಉದಾಹರಣೆ. ಗಾಯಕಿ ಗ್ರೇಸ್ ಸ್ಲಿಕ್ ಬರೆದ ಈ ಹಾಡಿನಲ್ಲಿ ಲೂಯಿಸ್ ಕ್ಯಾರಲ್ ಸೃಷ್ಟಿಸಿದ ಆಲಿಸ್, ಹುಕ್ಕಾ ಸೇದುವ ಕಂಬಳಿಹುಳು, ಕೆಂಪು ರಾಣಿ ಎಲ್ಲರೂ ಬರುತ್ತಾರೆ.

* ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ತಂಡದ ಮೊದಲ ಆಲ್ಬಂ ‘ದ ಪೈಪರ್ ಅಟ್ ದ ಗೇಟ್ಸ್ ಆಫ್ ಡಾನ್’ (1967). ಕೆನೆತ್ ಗ್ರಹಾಂ 1908ರಲ್ಲಿ ಪ್ರಕಟಿಸಿದ ಮಕ್ಕಳ ಕಾದಂಬರಿ ‘ದ ವಿಂಡ್ ಇನ್ ದ ವಿಲೋಸ್’ನ ಏಳನೇ ಅಧ್ಯಾಯದ ಹೆಸರೇ ಅದು. ತಂಡದ ಅಂದಿನ ಮುಖ್ಯ ಗೀತರಚನಕಾರ ಸಿಡ್ ಬ್ಯಾರೆಟ್‌ಗೆ ಆ ಪುಸ್ತಕ ಅಚ್ಚುಮೆಚ್ಚು.

* ರಾಕ್ ಸಂಗೀತಗಾರರನ್ನು ಬಹುವಾಗಿ ಸೆಳೆದ ಲೇಖಕ ಜೆ.ಆರ್.ಆರ್. ಟೋಲ್ಕಿನ್. ಲೆಡ್ ಝೆಪ್ಪೆಲಿನ್‌ನ ‘ರ‍್ಯಾಂಬಲ್ ಆನ್’ (1969) ಹಾಡಿನಲ್ಲಿ ಆತನ ‘ದ ಲಾರ್ಡ್ ಆಫ್ ದ ರಿಂಗ್ಸ್’ ಕಾದಂಬರಿಯ ಮೊರ್ಡೋರ್ ನಾಡು ಮತ್ತು ಗೊಲಮ್ ಪಾತ್ರದ ಪ್ರಸ್ತಾಪವಿದೆ. ಕೆನಡಾದ ರಶ್ ತಂಡ 1975ರಲ್ಲಿ ‘ರಿವೆಂಡೆಲ್’ ಎಂಬ ಹಾಡನ್ನು ಹೊರತಂದಿತು. ಇದು ಅದೇ ಕಾದಂಬರಿಯ ಎಲ್ಫ್‌ಗಳ ನೆಲೆಯ ಹೆಸರು.

* ಜರ್ಮನಿಯ ಬ್ಲೈಂಡ್ ಗಾರ್ಡಿಯನ್ ತಂಡವಂತೂ 1998ರ ‘ನೈಟ್‌ಫಾಲ್ ಇನ್ ಮಿಡಲ್-ಅರ್ಥ್’ ಆಲ್ಬಮನ್ನು ಇಡಿಯಾಗಿ ಟೋಲ್ಕಿನ್‌ನ ‘ದ ಸಿಲ್ಮರಿಲಿಯನ್’ ಕೃತಿಯ ಆಧಾರದ ಮೇಲೆ ರೂಪಿಸಿತು. ಲೇಖಕ ತೀರಿಕೊಂಡ ನಾಲ್ಕು ವರ್ಷಗಳ ಬಳಿಕ, 1977ರಲ್ಲಿ ಪ್ರಕಟವಾದ ಕೃತಿಯಿದು.