ಒಂದು ಸಲ ಗೆಲ್ಲುವುದು ಬೇರೆ, ವರ್ಷ ವರ್ಷ ಗೆಲ್ಲುವುದು ಬೇರೆ: ಮೂಡುಬಿದಿರೆ, ಉಜಿರೆಯ ಕ್ರೀಡಾ ಲೆಕ್ಕಾಚಾರ ಎಂತ?

ಬಿ.ಸಿ.ರೋಡ್: ಮಳೆ ನಿಂತರೆ ಸಾಕು, ನಮ್ಮ ಪೇಟೆಯ ಅಂಗಡಿಗಳಿಗೆ ರಶೀದಿ ಪುಸ್ತಕ ಹಿಡಿದುಕೊಂಡು ಹುಡುಗರು ಬರ್ಲಿಕ್ಕೆ ಶುರು. ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್, ಕ್ರಿಕೆಟ್ ಪಂದ್ಯಾಟ. ಬ್ಯಾನರ್‌ನಲ್ಲಿ ಅಂಗಡಿಯ ಹೆಸರು ಹಾಕ್ತೇವೆ ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಒಬ್ಬರು 500 ಕೊಡ್ತಾರೆ, ಇನ್ನೊಬ್ಬರು 1000. ರಾತ್ರಿ ಇಡೀ ಆಟ, ಬೆಳಗ್ಗೆ ಆಡಿದವನಿಗಿಂತ ಎತ್ತರದ ಟ್ರೋಫಿ. ಮರುದಿನ ಸ್ವಾಗತ ಗೋಪುರ ಬಿಚ್ಚಿ, ಶಾಮಿಯಾನ ಮಡಚಿ ಗಾಡಿಗೆ ಹಾಕಿದರೆ ಅಲ್ಲಿಗೆ ಮುಗಿಯಿತು.

ಆಡುವ ಹುಡುಗರಿಗೆ ಇಲ್ಲಿ ಬರಗಾಲ ಇಲ್ಲ. ಆದರೂ ಬಂಟ್ವಾಳ ತಾಲೂಕಿನ ಒಂದು ಕಾಲೇಜು ತಂಡ ಪ್ರತಿ ವರ್ಷ ರಾಷ್ಟ್ರ ಮಟ್ಟದಲ್ಲಿ ನಿಲ್ಲುತ್ತದೆ ಅಂತ ಹೇಳ್ಲಿಕ್ಕೆ ನಮಗೆ ಆಗುವುದಿಲ್ಲ. ಅದೇ ಸಿದ್ದಕಟ್ಟೆ ದಾರಿಯಾಗಿ ಮೂಡುಬಿದಿರೆಗೆ ಹೋಗಿ, ಅಥವಾ ಗುರುವಾಯನಕೆರೆ ದಾಟಿ ಉಜಿರೆಗೆ ಹೋಗಿ, ಕಥೆ ಬೇರೆ. ನೆಲ ಅದೇ, ಮಳೆ ಅದೇ, ಊಟದ ಕುಚ್ಚಲಕ್ಕಿಯೂ ಅದೇ. ಹಾಗಾದರೆ ವ್ಯತ್ಯಾಸ ಎಲ್ಲಿ?

ಮೂಡುಬಿದಿರೆ ಗೆದ್ದದ್ದು ಎಂತ?

2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಅಥ್ಲೆಟಿಕ್ ಕ್ರೀಡಾಕೂಟ ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲಿ ನಡೆಯಿತು. ದೇಶದ ಎಲ್ಲ ಕಡೆಯ ವಿ.ವಿ.ಗಳ ಓಟಗಾರರು ಬಂದಿದ್ದ ಕೂಟದಲ್ಲಿ ಸಮಗ್ರ ಪ್ರಶಸ್ತಿ ಪಡೆದದ್ದು ನಮ್ಮ ಮಂಗಳೂರು ವಿ.ವಿ. 2022ರ ಜನವರಿಯಲ್ಲಿ ಪುರುಷರ ಕೂಟ ಮತ್ತೆ ಅಲ್ಲೇ ನಡೆಯಿತು, ಪ್ರಶಸ್ತಿ ಮತ್ತೆ ಮಂಗಳೂರು ವಿ.ವಿ.ಗೇ ಬಂತು. ತಂಡದ ಹೆಸರು ಮಂಗಳೂರು ವಿ.ವಿ. ಆದರೂ ಅದರ ಬೆನ್ನೆಲುಬು ಮೂಡುಬಿದಿರೆಯ ಆಳ್ವಾಸ್ ಕಾಲೇಜಿನ ಕ್ರೀಡಾಪಟುಗಳು.

ಕಾಲೇಜಿನ ಹೆಸರು ಯಾಕೆ ಬರುವುದಿಲ್ಲ ಅಂತ ಕೆಲವರಿಗೆ ಗೊಂದಲ ಉಂಟು. ವಿಷಯ ಸರಳ. ಕಾಲೇಜುಗಳು ಮೊದಲು ಅಂತರ ಕಾಲೇಜು ಕೂಟದಲ್ಲಿ ಆಡಬೇಕು. ಅಲ್ಲಿ ಮಿಂಚಿದವರನ್ನು ಆರಿಸಿ ವಿ.ವಿ. ತಂಡ ಕಟ್ಟುತ್ತಾರೆ. ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘ, ಅಂದರೆ ಎ.ಐ.ಯು. ನಡೆಸುವ ಕೂಟಕ್ಕೆ ಹೋಗುವುದು ಈ ತಂಡ. ಹಾಗಾಗಿ ಕೊಣಾಜೆಯ ವಿ.ವಿ. ಹೆಸರಿನ ಜೆರ್ಸಿ ಹಾಕಿ ಓಡುವವನು ಮೂಡುಬಿದಿರೆ, ಉಜಿರೆ, ಪುತ್ತೂರು ಎಲ್ಲಿಯವನೂ ಆಗಿರಬಹುದು. ಡೀಮ್ಡ್ ವಿ.ವಿ. ಆದ ಸಂಸ್ಥೆಗಳ ಲೆಕ್ಕ ಬೇರೆ, ಅವು ತಮ್ಮದೇ ತಂಡ ಕಳಿಸಬಹುದು. ಮಂಗಳೂರಿನ ಸಂತ ಅಲೋಶಿಯಸ್ 2024ರಲ್ಲಿ ಡೀಮ್ಡ್ ವಿ.ವಿ. ಆಯಿತು. ಹೀಗೆ ದೊಡ್ಡ ಕಾಲೇಜು ಒಂದೊಂದೇ ಹೊರಗೆ ಹೋದರೆ ಮಂಗಳೂರು ವಿ.ವಿ. ತಂಡಕ್ಕೆ ಉಳಿದ ಕಾಲೇಜುಗಳ ಮಕ್ಕಳೇ ಗತಿ. ಅಂದರೆ ನಮ್ಮ ತಾಲೂಕಿನ ಸಣ್ಣ ಕಾಲೇಜುಗಳಿಗೆ ಜವಾಬ್ದಾರಿಯೂ ಜಾಸ್ತಿ, ಅವಕಾಶವೂ ಜಾಸ್ತಿ.

ಗುಟ್ಟು ಇರುವುದು ಅಡುಗೆ ಕೋಣೆಯಲ್ಲಿ

ಡಾ. ಎಂ. ಮೋಹನ ಆಳ್ವರು ಮೂಡುಬಿದಿರೆಯಲ್ಲಿ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನ ಶುರು ಮಾಡಿದ್ದು 1995ರಲ್ಲಿ. ಅಲ್ಲಿಯ ಕ್ರೀಡಾ ದತ್ತು ಯೋಜನೆ ಬಗ್ಗೆ ನಮ್ಮಲ್ಲಿ ಎಲ್ಲರೂ ಕೇಳಿರ್ತಾರೆ. ಆಟದಲ್ಲಿ ಸಾಮರ್ಥ್ಯ ತೋರಿಸಿದ ಮಕ್ಕಳಿಗೆ ಶಿಕ್ಷಣ, ಊಟ, ವಸತಿ ಉಚಿತ. ಕೇಳ್ಲಿಕ್ಕೆ ಸಣ್ಣ ವಿಷಯ. ಆದರೆ ಉಳಿದದ್ದೆಲ್ಲ ನಿಂತಿರುವುದು ಇದರ ಮೇಲೆಯೇ.

ಒಂದು ಲೆಕ್ಕ ಹಾಕುವ. 12 ಜನರ ಒಂದು ಬಾಸ್ಕೆಟ್‌ಬಾಲ್ ತಂಡ ಅಂತ ಹಿಡಿಯಿರಿ. ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಅಭ್ಯಾಸ ಮಾಡುವ ಹುಡುಗನಿಗೆ ಮೊಟ್ಟೆ, ಹಾಲು, ಮೀನು, ಅನ್ನ ಸೇರಿ ದಿನಕ್ಕೆ 200 ರೂಪಾಯಿ ಇಟ್ಟುಕೊಳ್ಳಿ. 12 ಜನಕ್ಕೆ ದಿನಕ್ಕೆ 2,400. ವರ್ಷದಲ್ಲಿ 300 ದಿನ ಅಭ್ಯಾಸ ಅಂದರೆ 7 ಲಕ್ಷದ 20 ಸಾವಿರ. ಇದು ಊಟ ಮಾತ್ರ. ಶೂ, ಪ್ರಯಾಣ, ಕೋಚ್ ಸಂಬಳ, ಗಾಯ ಆದರೆ ಚಿಕಿತ್ಸೆ, ಯಾವುದೂ ಇದರಲ್ಲಿ ಸೇರಿಲ್ಲ. ಹಾಗಂತ ಊಟ ಬಿಟ್ಟರೆ ಆಗುವುದೂ ಇಲ್ಲ. ಸಂಜೆ ಅಭ್ಯಾಸ ಮುಗಿಸಿ ಕೊನೆಯ ಬಸ್ಸಿಗೆ ಓಡಿ, ರಾತ್ರಿ ಎಂಟೂವರೆಗೆ ಮನೆ ಸೇರುವ ಹುಡುಗ ಮಾರನೇ ದಿನ ಬೆಳಗ್ಗೆ ಐದೂವರೆಗೆ ಮೈದಾನದಲ್ಲಿ ಇರ್ಲಿಕ್ಕೆ ಸಾಧ್ಯವೇ? ಹಾಸ್ಟೆಲ್ ಇಲ್ಲದೆ ದಿನಕ್ಕೆ ಎರಡು ಹೊತ್ತು ಅಭ್ಯಾಸ ಇಲ್ಲ. ಎರಡು ಹೊತ್ತು ಅಭ್ಯಾಸ ಇಲ್ಲದೆ ರಾಷ್ಟ್ರ ಮಟ್ಟ ಇಲ್ಲ.

ಒಳ್ಳೆ ಬ್ಯಾಚ್ ಹೋದ ಮೇಲೆ ಎಂತ?

ನಾನು ಡಿಗ್ರಿ ಮುಗಿಸಿದವನಲ್ಲ, ಆದರೆ ಕಾಲೇಜಲ್ಲಿ ಇದ್ದಷ್ಟು ದಿನ ವಾಲಿಬಾಲ್ ಆಡಿದ್ದೇನೆ. ನಮ್ಮ ಸೀನಿಯರ್‌ಗಳು ಆರು ಜನ ಒಂದೇ ಊರಿನ ಕ್ಲಬ್ಬಿನಲ್ಲಿ ಚಿಕ್ಕಂದಿನಿಂದ ಒಟ್ಟಿಗೆ ಆಡಿದವರು. ಆ ವರ್ಷ ಅಂತರ ಕಾಲೇಜು ಪಂದ್ಯಾಟದಲ್ಲಿ ಸೆಮಿಫೈನಲ್‌ವರೆಗೆ ಹೋದೆವು. ಕಾಲೇಜಲ್ಲಿ ಹಾರ, ಫೋಟೊ, ಎಲ್ಲ ಆಯಿತು. ಮುಂದಿನ ವರ್ಷ ಅವರು ಪಾಸಾಗಿ ಹೋದರು. ತಂಡಕ್ಕೆ ಆರು ಜನ ಸೇರಿಸ್ಲಿಕ್ಕೆ ಕ್ಲಾಸಿಂದ ಕ್ಲಾಸಿಗೆ ಹೋಗಿ ಕೇಳಬೇಕಾಯಿತು. ಮೊದಲ ಪಂದ್ಯದಲ್ಲೇ ಸೋತು ವಾಪಸ್ ಬಂದೆವು.

ಸಣ್ಣ ಕಾಲೇಜುಗಳ ಕಥೆ ಹೆಚ್ಚು ಕಡಿಮೆ ಹೀಗೆಯೇ. ಡಿಗ್ರಿ ಅಂದರೆ ಮೂರು ವರ್ಷ. ಹುಡುಗ ಮೊದಲ ವರ್ಷ ಕಲಿತು, ಎರಡನೇ ವರ್ಷ ಪಳಗಿ, ಮೂರನೇ ವರ್ಷ ಮಿಂಚುವ ಹೊತ್ತಿಗೆ ಟಿ.ಸಿ. ತೆಗೆದುಕೊಳ್ಳುವ ಸಮಯ ಬರ್ತದೆ. ಎ.ಐ.ಯು. ನಿಯಮದಲ್ಲಿ ವಯಸ್ಸಿನ ಮಿತಿಯೂ ಉಂಟು, 25 ದಾಟಿದರೆ ಆಡುವ ಹಾಗಿಲ್ಲ.

ಮೂಡುಬಿದಿರೆಯಲ್ಲಿ ಪ್ರೌಢಶಾಲೆ, ಪಿಯುಸಿ, ಡಿಗ್ರಿ, ಪಿ.ಜಿ. ಎಲ್ಲ ಒಂದೇ ಆಡಳಿತದಲ್ಲಿ ಇದೆ. ಎಂಟನೇ ಕ್ಲಾಸಿಗೆ ಬಂದ ಮಗು ಪಿ.ಜಿ. ಮುಗಿಸುವವರೆಗೆ ಇದ್ದರೆ ಹತ್ತು ವರ್ಷ ಆಗ್ತದೆ. ಒಬ್ಬ ಹೋಗುವಾಗ ಅವನ ಹಿಂದೆ ಇಬ್ಬರು ತಯಾರಾಗಿರ್ತಾರೆ. ನಮ್ಮ ತೋಟದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಳೆ ಅಡಿಕೆ ಮರ ಸಾಯುವ ಮೊದಲೇ ನಡುವಲ್ಲಿ ಸಸಿ ಇಟ್ಟವನ ತೋಟದಲ್ಲಿ ಫಸಲು ನಿಲ್ಲುವುದಿಲ್ಲ.

ಕೋಚ್ ಊರು ಬಿಡಬಾರದು

ಇನ್ನೊಂದು ವಿಷಯ ತಾಳ್ಮೆ. ಉಜಿರೆಯ ಎಸ್.ಡಿ.ಎಂ. ಕಾಲೇಜು ಶುರುವಾದದ್ದು 1966ರಲ್ಲಿ. ಕುಂದಾಪುರ ಕಡೆಯ ವಂಡ್ಸೆಯ ಗುರುರಾಜ ಪೂಜಾರಿ ಅಲ್ಲಿಗೆ ಡಿಗ್ರಿಗೆ ಬಂದವರು, ಪಿಕಪ್ ಚಾಲಕರ ಮಗ. ಅವರಿಗೆ ಆಸೆ ಇದ್ದದ್ದು ಕುಸ್ತಿಯ ಮೇಲೆ. ಉಜಿರೆಯಲ್ಲಿ ಕೋಚ್ ರಾಜೇಂದ್ರ ಪ್ರಸಾದ್ ಅವರನ್ನು ವೇಟ್‌ಲಿಫ್ಟಿಂಗ್‌ಗೆ ತಿರುಗಿಸಿದರು. ಅದು 2010ರ ಹೊತ್ತು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ 56 ಕೆ.ಜಿ. ವಿಭಾಗದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು, ಆ ಕೂಟದಲ್ಲಿ ಭಾರತಕ್ಕೆ ಅದೇ ಮೊದಲ ಪದಕ. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆ.ಜಿ. ವಿಭಾಗದಲ್ಲಿ ಕಂಚು. ಮೊದಲ ಸಲ ಬಾರ್ ಹಿಡಿದದ್ದಕ್ಕೂ ಬೆಳ್ಳಿಗೂ ನಡುವೆ ಎಂಟು ವರ್ಷ.

ದೂರದ ಉದಾಹರಣೆಯೂ ಇದನ್ನೇ ಹೇಳ್ತದೆ. ಅಮೆರಿಕದಲ್ಲಿ ಕಾಲೇಜು ಬಾಸ್ಕೆಟ್‌ಬಾಲ್ ಅಂದರೆ ನಮ್ಮ ಐಪಿಎಲ್‌ನಷ್ಟೇ ಗೌಜಿ. ಅಲ್ಲಿಯ ಕನೆಕ್ಟಿಕಟ್ ವಿ.ವಿ. ಇರುವುದು ಸ್ಟೋರ್ಸ್ ಎಂಬ ಸಣ್ಣ ಊರಿನಲ್ಲಿ, ದೊಡ್ಡ ನಗರದಲ್ಲಿ ಅಲ್ಲ. ಜಿಮ್ ಕ್ಯಾಲ್ಹೂನ್ ಎಂಬ ಕೋಚ್ 1986ರಲ್ಲಿ ಪುರುಷರ ತಂಡ ವಹಿಸಿಕೊಂಡರು. ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದದ್ದು 1999ರಲ್ಲಿ, 13 ವರ್ಷ ಕಾದ ಮೇಲೆ. ಆಮೇಲೆ 2004, 2011, 2014, 2023, 2024 ಅಂತ ಬರ್ತಾ ಹೋಯಿತು, ನಡುವೆ ಕೋಚ್ ಬದಲಾದರೂ ನಿಲ್ಲಲಿಲ್ಲ. ಮಹಿಳೆಯರ ತಂಡಕ್ಕೆ ಜೀನೊ ಔರಿಯೆಮ್ಮಾ 1985ರಲ್ಲಿ ಬಂದರು, ಹತ್ತು ವರ್ಷ ಕಳೆದು 1995ರಲ್ಲಿ ಮೊದಲ ಪ್ರಶಸ್ತಿ, 2025ಕ್ಕೆ ಅದು 12 ಆಯಿತು.

ನಮ್ಮಲ್ಲಿ? ಕೋಚ್‌ಗೆ ಒಂದು ವರ್ಷದ ಗುತ್ತಿಗೆ. ಏಪ್ರಿಲ್‌ನಲ್ಲಿ ಬಿಡುಗಡೆ, ಜುಲೈಯಲ್ಲಿ ಬೇರೆಯವರು. ಹೊಸಬರಿಗೆ ಮಕ್ಕಳ ಹೆಸರು ಗೊತ್ತಾಗುವಾಗ ಸೀಸನ್ ಮುಗಿದಿರ್ತದೆ.

ಅಥ್ಲೆಟಿಕ್ಸ್ ಆಯಿತು, ಬಾಸ್ಕೆಟ್‌ಬಾಲ್ ಯಾಕೆ ಕಷ್ಟ?

ಅಥ್ಲೆಟಿಕ್ಸ್‌ನಲ್ಲಿ ಒಬ್ಬೊಬ್ಬರ ಅಂಕ ಕೂಡಿಸಿ ತಂಡದ ಅಂಕ. ಒಬ್ಬ ಒಳ್ಳೆಯ ಓಟಗಾರ ಸಿಕ್ಕಿದರೂ ಅವನ ಅಂಕ ಪೂರ್ತಿ ಬರ್ತದೆ. ಬಾಸ್ಕೆಟ್‌ಬಾಲ್ ಹಾಗಲ್ಲ. ಅಂಕಣದಲ್ಲಿ ಐವರು ಒಟ್ಟಿಗೆ ಪಳಗಬೇಕು, ಅವರು ಸುಸ್ತಾದರೆ ಇಳಿಸ್ಲಿಕ್ಕೆ ಬೆಂಚಲ್ಲಿ ಅಷ್ಟೇ ಗಟ್ಟಿಯವರು ಬೇಕು. ರಿಂಗ್ ಇರುವುದು 3.05 ಮೀಟರ್ ಎತ್ತರದಲ್ಲಿ, ಹಾಗಾಗಿ ಎತ್ತರದ ಮಕ್ಕಳನ್ನು ಹುಡುಕಿ ತರಬೇಕು. ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಿನ ಕಾಂಕ್ರೀಟ್ ಅಂಕಣದ ಮೇಲೆ ಪಾಚಿ ಬರ್ತದೆ, ಆಡಿದರೆ ಜಾರಿ ಬೀಳುವುದು ಖಂಡಿತ. ಮಾಡು ಇರುವ ಅಂಕಣ ಇಲ್ಲದಿದ್ದರೆ ನಾಲ್ಕು ತಿಂಗಳು ವ್ಯರ್ಥ.

ಇನ್ನು ತಂಡದ ಆಟಗಳಲ್ಲಿ ನೇರ ರಾಷ್ಟ್ರ ಮಟ್ಟಕ್ಕೆ ಹೋಗ್ಲಿಕ್ಕಿಲ್ಲ. ಮೊದಲು ದಕ್ಷಿಣ ವಲಯದಲ್ಲಿ ಆಡಿ ಮೇಲಿನ ನಾಲ್ಕರಲ್ಲಿ ಬರಬೇಕು. ಆ ವಲಯದಲ್ಲಿ ಇರುವುದು ಬಾಸ್ಕೆಟ್‌ಬಾಲನ್ನೇ ಉಸಿರಾಡುವ ಚೆನ್ನೈ ಕಡೆಯ ವಿ.ವಿ.ಗಳು, ಕೇರಳದ ತಂಡಗಳು. ಆದ ಕಾರಣ ಹೊಸದಾಗಿ ಶುರು ಮಾಡುವ ಕಾಲೇಜು ತನ್ನ ಊರಿನಲ್ಲಿ ಮಕ್ಕಳು ಮೊದಲೇ ಆಡುವ ಆಟ ಆರಿಸಿದರೆ ಅರ್ಧ ಕೆಲಸ ಆದ ಹಾಗೆ. ನಮ್ಮ ತಾಲೂಕಿಗೆ ಅದು ಕಬಡ್ಡಿ, ವಾಲಿಬಾಲ್. ಬಾಸ್ಕೆಟ್‌ಬಾಲ್ ಬೇಡ ಅಂತಲ್ಲ, ಅದಕ್ಕೆ ಹೈಸ್ಕೂಲಿನಿಂದಲೇ ಹತ್ತು ವರ್ಷದ ಯೋಜನೆ ಬೇಕು.

"ಗೆಲ್ಲುವವರು ಹೊರಗಿನವರಲ್ವಾ?"

ಈ ಪ್ರಶ್ನೆಯನ್ನು ಹೋಟೆಲ್ ಟೇಬಲ್‌ನಲ್ಲಿ ಎಲ್ಲರೂ ಕೇಳ್ತಾರೆ. ಅದರಲ್ಲಿ ಸತ್ಯ ಉಂಟು. ಆಳ್ವಾಸ್‌ನಲ್ಲಿ ಓದಿದ ಧರುಣ್ ಅಯ್ಯಸಾಮಿ ತಮಿಳುನಾಡಿನ ತಿರುಪ್ಪೂರು ಜಿಲ್ಲೆಯವರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ರಿಲೇ ಓಡಿದರು, 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ 48.96 ಸೆಕೆಂಡಿನಲ್ಲಿ ಬೆಳ್ಳಿ ಗೆದ್ದರು. ಉತ್ತರ ಭಾರತದ ಮಕ್ಕಳೂ ಮೂಡುಬಿದಿರೆಗೆ ಬರ್ತಾರೆ.

ಇದರಲ್ಲಿ ಎರಡು ಮುಖ ಉಂಟು. ಅಂಥವರ ಜೊತೆ ದಿನಾ ಓಡಿದರೆ ನಮ್ಮ ಹುಡುಗನ ಮಟ್ಟವೂ ಏರ್ತದೆ. ಜಿಲ್ಲೆಯಲ್ಲಿ ಮೊದಲ ಬಂದರೂ ಅಲ್ಲಿ ಐದನೆಯವನು ಅಂತ ಗೊತ್ತಾದ ದಿನವೇ ಕಲಿಕೆ ಶುರು. ಆದರೆ ತಯಾರಾದವರನ್ನೇ ತರುವುದು ಜಾಸ್ತಿ ಆದರೆ, ವಾಮದಪದವಿನ, ಪುಂಜಾಲಕಟ್ಟೆಯ ಮಗುವಿಗೆ ಜಾಗ ಎಲ್ಲಿ? ಯಾವ ಸಂಸ್ಥೆಯೇ ಆಗಲಿ, ಈ ಎರಡನ್ನೂ ತೂಗಿಸಬೇಕು. ಊರಿನವರೂ ಕೇಳಬೇಕು. ಕೇಳುವ ಮೊದಲು ನಮ್ಮ ಶಾಲೆಗಳಲ್ಲಿ ಪಿ.ಟಿ. ಮಾಸ್ಟ್ರು ಇದ್ದಾರಾ ಅಂತಲೂ ನೋಡಬೇಕು. ಹೈಸ್ಕೂಲಿನಲ್ಲಿ ಯಾರೂ ಗುರುತಿಸದ ಮಗುವನ್ನು ಕಾಲೇಜು ದತ್ತು ತೆಗೆದುಕೊಳ್ಳುವುದು ಹೇಗೆ?

ಹೆತ್ತವರು ಏನು ಕೇಳಬೇಕು?

ಕ್ರೀಡಾ ಕೋಟಾದಲ್ಲಿ ಸೀಟು ಕೊಡ್ತೇವೆ ಅಂತ ಯಾವ ಕಾಲೇಜು ಹೇಳಿದರೂ ಸಹಿ ಹಾಕುವ ಮೊದಲು ಐದು ವಿಷಯ ಕೇಳಿ.

1. ಉಚಿತ ಅಂದರೆ ಯಾವುದೆಲ್ಲ? ಶುಲ್ಕ ಮಾತ್ರವಾ, ಊಟ ಹಾಸ್ಟೆಲ್ ಸೇರಿಯಾ? ಬರವಣಿಗೆಯಲ್ಲಿ ಕೊಡ್ತಾರಾ?
2. ಮಗುವಿಗೆ ಗಾಯವಾಗಿ ಒಂದು ವರ್ಷ ಆಡ್ಲಿಕ್ಕೆ ಆಗದಿದ್ದರೆ ಸೌಲಭ್ಯ ಮುಂದುವರಿಯುತ್ತದಾ? ಚಿಕಿತ್ಸೆ ಯಾರ ಖರ್ಚು?
3. ಆ ಆಟಕ್ಕೆ ಪ್ರತ್ಯೇಕ ಕೋಚ್ ಇದ್ದಾರಾ? ಎಷ್ಟು ವರ್ಷದಿಂದ ಇದ್ದಾರೆ?
4. ಕೂಟಕ್ಕೆ ಹೋಗಿ ಪರೀಕ್ಷೆ, ಇಂಟರ್ನಲ್ ತಪ್ಪಿದರೆ ವ್ಯವಸ್ಥೆ ಎಂತ?
5. ಮೂರು ವರ್ಷದ ಹಿಂದೆ ಸೇರಿದ ಆಟಗಾರರು ಈಗ ಎಲ್ಲಿದ್ದಾರೆ? ಡಿಗ್ರಿ ಮುಗಿಸಿದ್ದಾರಾ, ಕೆಲಸ ಸಿಕ್ಕಿದೆಯಾ?

ಐದನೆಯದು ಎಲ್ಲಕ್ಕಿಂತ ಮುಖ್ಯ. ಗುರುರಾಜ ಪೂಜಾರಿ ವಾಯುಪಡೆ ಸೇರಿದರು. ರೈಲ್ವೆ, ಸೇನೆಯಲ್ಲೂ ಕ್ರೀಡಾಪಟುಗಳಿಗೆ ಅವಕಾಶ ಉಂಟು. ಆದರೆ ಪದಕ ಎಲ್ಲರಿಗೂ ಸಿಗುವುದಿಲ್ಲ, ಸಿಗದವನ ಕೈಯಲ್ಲಿ ಡಿಗ್ರಿಯಾದರೂ ಇರಬೇಕು. ಇದನ್ನು ಅರ್ಧದಲ್ಲಿ ಬಿಟ್ಟವನೇ ಹೇಳ್ತಾ ಇದ್ದೇನೆ.

ಅಂಗಡಿಯವರಿಗೆ ಒಂದು ಮಾತು

ಪಂದ್ಯಾಟಕ್ಕೆ ಕೊಡುವುದು ನಿಲ್ಲಿಸಿ ಅಂತ ಹೇಳ್ತಿಲ್ಲ. ಆ ರಾತ್ರಿಯ ಗೌಜಿ ನೋಡಿಯೇ ನಮ್ಮ ಮಕ್ಕಳಿಗೆ ಆಟದ ಹುಚ್ಚು ಹಿಡಿಯುವುದು. ಆದರೆ ಬ್ಯಾನರ್‌ಗೆ ಕೊಡುವ 1000ದಲ್ಲಿ ಅರ್ಧವನ್ನು ಪಕ್ಕದ ಸರಕಾರಿ ಹೈಸ್ಕೂಲಿನ ಒಬ್ಬ ಆಟಗಾರನ ಮೊಟ್ಟೆ ಹಾಲಿಗೆ ತಿಂಗಳು ತಿಂಗಳು ಕೊಟ್ಟರೆ? 20 ಅಂಗಡಿ ಸೇರಿದರೆ ತಿಂಗಳಿಗೆ 10,000 ರೂಪಾಯಿ. ಸಂಜೆ ಒಬ್ಬ ಕೋಚ್ ಬಂದು ಹೋಗುವ ಬಸ್ ಖರ್ಚು, ಹತ್ತು ಮಕ್ಕಳ ಸಂಜೆಯ ತಿಂಡಿ ಅದರಲ್ಲಿ ಸುಧಾರಿಸಬಹುದು. ಹೆಸರು ಬ್ಯಾನರ್‌ನಲ್ಲಿ ಬರ್ಲಿಕ್ಕಿಲ್ಲ, ಫೋಟೊವೂ ಬರ್ಲಿಕ್ಕಿಲ್ಲ.

ಆದರೆ ಆ ಹತ್ತರಲ್ಲಿ ಒಬ್ಬ ಎಂಟು ವರ್ಷ ಕಳೆದು ವಿ.ವಿ. ಜೆರ್ಸಿ ಹಾಕಿ ರಾಷ್ಟ್ರ ಮಟ್ಟದಲ್ಲಿ ಆಡಿದರೆ, ಅವನು ನಿಮ್ಮ ಅಂಗಡಿಗೆ ಬಂದೇ ಬರ್ತಾನೆ. ಆಗ ಅವನ ಕೈಯಲ್ಲಿ ರಶೀದಿ ಪುಸ್ತಕ ಇರುವುದಿಲ್ಲ.